ಕಾಕಾನ ಉಪ್ಪು

ಆ ಬೇಸಿಗೆಯಲ್ಲಿ ತಿಕೋಟಾ ಸನಿಹದ ನಮ್ಮ ಹಳ್ಳಿಗೆ ಹೋದಾಗ ಕಾಕಾ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಕೈಯಲ್ಲಿದ್ದ ಕಪ್ಪು-ಬಸಿ ಒಂದಕ್ಕೊಂದು ತಾಗಿ ಕಟಕಟ ಸದ್ದು ಮಾಡುತ್ತಿದ್ದವು. ಅವನ ಕೈ ಮೊದಲಿನಿಂದಲೂ ಸಣ್ಣಗೆ ನಡುಗುತ್ತಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಒಂದೇ ಗುಳಿಗೆ ನುಂಗಿದವನ ಕೈ ಅದು. ಮನೆಯಲ್ಲಿ ಯಾರಿಗೂ ಆ ನಡುಕ ಹೊಸದಲ್ಲ. ಆದರೆ ಅವತ್ತಿನದು ಬೇರೆ ಇತ್ತು. ಚಹಾ ಬಸಿಗೆ ಬೀಳದೆ ಧೋತರದ ಮೇಲೆ ಬಿತ್ತು. ಮಾತಾಡಿಸಿದರೆ ಕುಡಿದವರ ಹಾಗೆ ನಾಲಿಗೆ ಎಳೆಯುತ್ತಿತ್ತು. ಎದ್ದು ನಿಂತರೆ ಕಾಲು ನೆಲ ಹಿಡಿಯುತ್ತಿರಲಿಲ್ಲ. ಎರಡು ದಿನದಿಂದ ಭೇದಿ ಎಂದಳು ಕಾಕು.

"ಉಪ್ಪ ಪೂರಾ ಬಿಡಿಸೀನಿ ತಮ್ಮಾ. ಬಿ.ಪಿ. ಐತಿ ಅಂದ್ರು. ಹೊಸಾ ಗುಳಿಗಿನೂ ಕೊಟ್ಟಾರ, ಅದರಿಂದ ಒಂದಕ್ಕ ಜಾಸ್ತಿ ಹೋಗತೈತಿ. ಎಲ್ಲಾ ಅವರು ಹೇಳಿಧಂಗ ಮಾಡೀನಿ, ಖರೆ ಯಾಕ ಹಿಂಗಾತು?"

ಬಿ.ಪಿ. ನೋಡಿದ ಡಾಕ್ಟರದು ಏನೂ ತಪ್ಪಿರಲಿಲ್ಲ. ಕಾಕಾ ನುಂಗುವ ಇನ್ನೊಂದು ಗುಳಿಗೆಯ ಸುದ್ದಿಯನ್ನು ನಾವೇ ಅವರಿಗೆ ಹೇಳಿರಲಿಲ್ಲ. ಆ ಗುಳಿಗೆ ಟ್ರಂಕಿನ ತಳದಲ್ಲಿ, ಹಳೆಯ ಬಿಸ್ಕೀಟು ಡಬ್ಬಿಯಲ್ಲಿ ಇರುತ್ತಿತ್ತು. ಮನೆಗೆ ಬಂದ ಬೀಗರಿಗೆ, ಓಣಿಯ ಮಂದಿಗೆ, ಕೊನೆಗೆ ಬೇರೆ ಡಾಕ್ಟರಿಗೂ ಅದನ್ನು ತೋರಿಸುವ ರೂಢಿ ನಮ್ಮಲ್ಲಿರಲಿಲ್ಲ. ಅದರ ಹೆಸರು ಲಿಥಿಯಂ ಕಾರ್ಬೋನೇಟ್.

ವಿಜಯಪುರಕ್ಕೆ ಕರೆದೊಯ್ದು ರಕ್ತ ತೋರಿಸಿದಾಗ ಲೀಟರಿಗೆ 2.3 ಮಿಲಿಮೋಲ್ ಬಂತು. ಸಾಮಾನ್ಯವಾಗಿ 0.6ರಿಂದ 1.2ರೊಳಗೆ ಇರಬೇಕಾದದ್ದು ಅದು. 1.5 ದಾಟಿದರೆ ವಿಷದ ಕಡೆಗೆ, 2 ದಾಟಿದರೆ ಜೀವಕ್ಕೆ ಅಪಾಯ. ಗುಳಿಗೆ ನಿಲ್ಲಿಸಿ ಸಲಾಯಿನ್ ಹಚ್ಚಿದರು. ಸಲಾಯಿನ್ ಅಂದರೆ ಮತ್ತೇನು, ಉಪ್ಪುನೀರು. ನಾವು ಹದಿನೈದು ದಿನ ಕಷ್ಟಪಟ್ಟು ಬಿಡಿಸಿದ ಉಪ್ಪನ್ನೇ ಆಸ್ಪತ್ರೆಯವರು ನರದಿಂದ ಹನಿಹನಿಯಾಗಿ ಒಳಗೆ ಬಿಡುತ್ತಿದ್ದರು. ಆ ರಾತ್ರಿಗಳಲ್ಲಿ ಕಾಕಾನ ಮಂಚದ ಬದಿಗೆ ಕೂತಾಗ ಹುಟ್ಟಿದ ಪ್ರಶ್ನೆ, ಆಮೇಲೆ ನನ್ನನ್ನು ಈ ಗುಳಿಗೆಯ ಚರಿತ್ರೆಯ ಬೆನ್ನು ಹತ್ತುವಂತೆ ಮಾಡಿತು. ಒಂದು ಚಿಟಿಕೆ ಉಪ್ಪಿಗೂ ತಲೆಯೊಳಗಿನ ಏರಿಳಿತಕ್ಕೂ ಏನು ಸಂಬಂಧ?

ಲಿಥಿಯಂ ಅಂದರೆ ಈಗ ಎಲ್ಲರಿಗೂ ನೆನಪಾಗುವುದು ಮೊಬೈಲ್ ಬ್ಯಾಟರಿ. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಬಂಡೆಗಳಲ್ಲಿ 1,600 ಟನ್ ಲಿಥಿಯಂ ಇದೆ ಎಂಬ ಸುದ್ದಿ ಬಂದಾಗ ಪೇಪರುಗಳೆಲ್ಲ ಕಾರು, ಬ್ಯಾಟರಿ ಎಂದೇ ಬರೆದವು. ಆದರೆ ಇದು ಔಷಧವಾಗಿ ಬ್ಯಾಟರಿಗಿಂತ ಬಹಳ ಹಳೆಯದು. ಮೂಲವಸ್ತುಗಳ ಪಟ್ಟಿಯಲ್ಲಿ ಹೈಡ್ರೋಜನ್, ಹೀಲಿಯಂ ಆದ ಮೇಲೆ ಮೂರನೆಯದು, ಲೋಹಗಳಲ್ಲೆಲ್ಲ ಹಗುರ. 1817ರಲ್ಲಿ ಸ್ವೀಡನ್ನಿನ ಯುವಕ ಯೋಹಾನ್ ಆಗಸ್ಟ್ ಆರ್ಫ್‌ವೆಡ್ಸನ್, ಊಟೋ ಎಂಬ ದ್ವೀಪದ ಗಣಿಯಿಂದ ಬಂದ ಕಲ್ಲಿನಲ್ಲಿ ಇದನ್ನು ಗುರುತಿಸಿದ. ಗ್ರೀಕಿನಲ್ಲಿ ಲಿಥೋಸ್ ಅಂದರೆ ಕಲ್ಲು. ಸೋಡಿಯಂ, ಪೊಟ್ಯಾಷಿಯಂ ಇದರ ಒಡಹುಟ್ಟಿದವು. ಹಾಗಾಗಿ ನಮ್ಮ ಅಡುಗೆ ಉಪ್ಪಿನ ವಂಶದ್ದೇ ಇದೂ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ವಂಶದ ಇನ್ನೊಂದು ಪುಡಿ ಚೆನ್ನಾಗಿ ಗೊತ್ತು. ಒಣದ್ರಾಕ್ಷಿ ಮಾಡುವಾಗ ಗೊನೆಗಳನ್ನು ಅದ್ದಿ ತೆಗೆಯುವ ನೀರಿಗೆ ಡಿಪ್ಪಿಂಗ್ ಆಯಿಲ್ ಜೊತೆ ಬೆರೆಸುವುದು ಪೊಟ್ಯಾಷಿಯಂ ಕಾರ್ಬೋನೇಟ್. ಕಾಕಾ ತನ್ನ ಕೈಯಾರೆ ಎಷ್ಟೋ ವರ್ಷ ಅದನ್ನು ಕದಡಿದ್ದಾನೆ. ಅದರ ಅಣ್ಣನಂಥದ್ದೊಂದನ್ನು ದಿನಾ ನುಂಗುತ್ತಿದ್ದೇನೆಂಬುದು ಅವನಿಗೂ ತಿಳಿದಿರಲಿಕ್ಕಿಲ್ಲ.

ಹತ್ತೊಂಬತ್ತನೇ ಶತಮಾನದ ವೈದ್ಯರು ಇದನ್ನು ಮೊದಲು ಹಿಡಿದದ್ದು ಮೂತ್ರಕೋಶದ ಕಲ್ಲು, ಕೀಲುಗಳ ಊತಕ್ಕೆ. ಯೂರಿಕ್ ಆಮ್ಲವನ್ನು ಲಿಥಿಯಂ ಕರಗಿಸುತ್ತದೆ ಎಂಬುದು ಅವರ ಲೆಕ್ಕ. ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ 1859ರಲ್ಲಿ ಇದನ್ನೇ ಬರೆದ. ಅಲ್ಲಿಂದ ಡೆನ್ಮಾರ್ಕಿನ ಕಾರ್ಲ್ ಲಾಂಗೆ ಇದನ್ನು ಮತ್ತೆ ಮತ್ತೆ ಬರುವ ಖಿನ್ನತೆಗೆ ಕೊಟ್ಟ. ಅದು 1886ರ ಸುಮಾರಿಗೆ. ಅವನ ಕಾರಣ ತಪ್ಪು, ಔಷಧ ಸರಿ! ಆದರೂ ಆ ದಾರಿ ಮುಚ್ಚಿಹೋಯಿತು. ಲಿಥಿಯಂ ಉಳಿದದ್ದು ಬಾಟಲಿಗಳಲ್ಲಿ. ಎಲ್ಲ ರೋಗಕ್ಕೂ ಲಿಥಿಯಾ ನೀರು ಮಾರುವ ವ್ಯಾಪಾರ ಅಮೆರಿಕದಲ್ಲಿ ಜೋರಾಗಿತ್ತು. 1929ರಲ್ಲಿ ಶುರುವಾಗಿ ಆಮೇಲೆ ಸೆವೆನ್ ಅಪ್ ಎಂದು ಹೆಸರಾದ ಪಾನೀಯದಲ್ಲಿ 1948ರವರೆಗೂ ಲಿಥಿಯಂ ಸಿಟ್ರೇಟ್ ಇತ್ತು. ಇಂಡಿ ಲಿಂಬೆಯ ಶರಬತ್ತು ಕುಡಿದು ಬೆಳೆದ ನಮಗೆ ಇದು ತಮಾಷೆಯಾಗಿ ಕಾಣಬಹುದು.

ಮುಂದಿನದು ತಮಾಷೆಯಲ್ಲ. 1948ರ ಹೊತ್ತಿಗೆ ಅಮೆರಿಕದಲ್ಲಿ ಹೃದಯರೋಗ ಮತ್ತು ರಕ್ತದೊತ್ತಡದವರಿಗೆ ಉಪ್ಪು ಬಿಡಿಸುವ ಪಥ್ಯ ಜಾರಿಯಲ್ಲಿತ್ತು. ಸಪ್ಪೆ ಊಟ ಯಾರ ಬಾಯಿಗೂ ಹತ್ತುವುದಿಲ್ಲ. ಅವರಿಗಾಗಿ ಬದಲಿ ಉಪ್ಪೆಂದು ಲಿಥಿಯಂ ಕ್ಲೋರೈಡ್ ಪೇಟೆಗೆ ಬಂತು. ವೆಸ್ಟ್‌ಸಾಲ್ ಎಂಬುದು ಅದರಲ್ಲೊಂದು. ಉಪ್ಪು ಬಿಟ್ಟವರು ಅದನ್ನು ಬೇಕಾದಷ್ಟು ಉದುರಿಸಿಕೊಂಡು ಉಂಡರು. ಕೈ ನಡುಗಿತು, ನಾಲಿಗೆ ತೊದಲಿತು, ಕೆಲವರು ಸತ್ತರು. 1949ರ ಆರಂಭದಲ್ಲಿ ಸಾವಿನ ವರದಿಗಳು ಬಂದ ಕೂಡಲೇ ಸರ್ಕಾರ ಅದನ್ನು ಅಂಗಡಿಗಳಿಂದ ಎತ್ತಿಸಿತು. ಈ ಪ್ರಕರಣ ಓದುವಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಉಪ್ಪು ಬಿಡಿಸಿದ ಬಿ.ಪಿ.ಯ ರೋಗಿ, ಹೊಟ್ಟೆಯಲ್ಲಿ ಲಿಥಿಯಂ. ನಮ್ಮ ಪಡಸಾಲೆಯ ಕಥೆಯೇ ಅದು.

ಕಾರಣ ಇರುವುದು ಮೂತ್ರಪಿಂಡದಲ್ಲಿ. ಅದಕ್ಕೆ ಸೋಡಿಯಂ ಮತ್ತು ಲಿಥಿಯಂ ನಡುವಿನ ಫರಕು ಪೂರ್ತಿ ತಿಳಿಯುವುದಿಲ್ಲ. ಮೈಯಲ್ಲಿ ಉಪ್ಪು ಸಾಕಷ್ಟಿದ್ದರೆ ಎರಡನ್ನೂ ಹೊರಗೆ ಬಿಡುತ್ತದೆ. ಉಪ್ಪು, ನೀರು ಕಡಿಮೆಯಾದವೋ, ಬರಗಾಲದಲ್ಲಿ ಕಾಳು ಬಳಿದುಕೊಳ್ಳುವ ಹಾಗೆ ಸಿಕ್ಕ ಸೋಡಿಯಂ ಅನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಅದರ ಜೊತೆ ಲಿಥಿಯಂ ಕೂಡ ಮರಳಿ ರಕ್ತಕ್ಕೆ ಬರುತ್ತದೆ. ಮೂತ್ರ ಹೆಚ್ಚಿಸುವ ಬಿ.ಪಿ. ಗುಳಿಗೆ, ಕೀಲುನೋವಿಗೆ ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಕೆಲವು ನೋವಿನ ಗುಳಿಗೆ, ವಾಂತಿ-ಭೇದಿ, ಬಿಸಿಲಿನ ಬೆವರು, ಎಲ್ಲವೂ ಮಾಡುವುದು ಇದನ್ನೇ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ, ಹೊಲದಲ್ಲಿ ದುಡಿಯುವ ಮನುಷ್ಯನಿಗೆ ಈ ಗುಳಿಗೆ ಕೊಡುವುದೆಂದರೆ ಕೈಯಲ್ಲಿ ತಕ್ಕಡಿ ಹಿಡಿದೇ ಕೊಡಬೇಕು.

ಅಮೆರಿಕದಲ್ಲಿ ಜನ ಸತ್ತ ಅದೇ 1949ರಲ್ಲಿ, ಸೆಪ್ಟೆಂಬರ್ 3ರಂದು, ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಜಾನ್ ಕೇಡ್ ಎಂಬವನ ಲೇಖನ ಬಂತು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳಾಗಿ ಸಿಂಗಪುರದ ಚಾಂಗಿಯಲ್ಲಿ ಮೂರೂವರೆ ವರ್ಷ ಕಳೆದು ಬಂದವ ಅವನು. ಉನ್ಮಾದವೆಂದರೆ ಮೈಯಲ್ಲಿ ಯಾವುದೋ ಒಂದು ವಸ್ತು ಅತಿಯಾಗುವುದು, ಖಿನ್ನತೆಯೆಂದರೆ ಅದೇ ಕೊರತೆಯಾಗುವುದು ಎಂದು ಅವನ ಊಹೆ. ಮೆಲ್ಬರ್ನ್ ಹೊರಗಿನ ಬುಂಡೂರ ಆಸ್ಪತ್ರೆಯಲ್ಲಿ, ಬಳಕೆಯಲ್ಲಿಲ್ಲದ ಅಡುಗೆಕೋಣೆಯೊಂದರಲ್ಲಿ, ರೋಗಿಗಳ ಮೂತ್ರವನ್ನು ಗಿನಿಪಿಗ್‌ಗಳಿಗೆ ಚುಚ್ಚುತ್ತಿದ್ದ. ಯೂರಿಕ್ ಆಮ್ಲ ನೀರಿನಲ್ಲಿ ಕರಗದ್ದರಿಂದ ಅದರ ಲಿಥಿಯಂ ಲವಣ ಬಳಸಿದ. ಆಮೇಲೆ ಬರೀ ಲಿಥಿಯಂ ಕಾರ್ಬೋನೇಟ್ ಚುಚ್ಚಿ ನೋಡಿದ. ಮುಟ್ಟಿದರೆ ಗಾಬರಿಬೀಳುವ ಪ್ರಾಣಿಗಳು ಅಂಗಾತ ಮಲಗಿಸಿದರೂ ಸುಮ್ಮನೆ ನೋಡುತ್ತ ಬಿದ್ದುಕೊಂಡವು. ಅವು ಶಾಂತವಾಗಿದ್ದವೋ, ವಿಷ ಏರಿ ಸೋತಿದ್ದವೋ ಎಂದು ನಂತರದವರು ಕೇಳಿದ್ದಾರೆ. ನನಗೂ ಎರಡನೆಯದೇ ನಿಜವಿರಬೇಕು ಅನಿಸುತ್ತದೆ. ಕೇಡ್ ಮೊದಲು ತಾನೇ ನುಂಗಿ ನೋಡಿದ, ನಂತರ ರೋಗಿಗಳಿಗೆ ಕೊಟ್ಟ.

ಮೊದಲ ರೋಗಿ ಬಿಲ್ ಬ್ರ್ಯಾಂಡ್. ವಯಸ್ಸು 51, ಐದು ವರ್ಷದಿಂದ ಬಿಡದ ಉನ್ಮಾದ. 1948ರ ಮಾರ್ಚ್ ಕೊನೆಯಲ್ಲಿ ಲಿಥಿಯಂ ಶುರುವಾಯಿತು. ಜುಲೈನಲ್ಲಿ ಅವನು ಮನೆಗೆ ಹೋದ, ಹಳೆಯ ಕೆಲಸಕ್ಕೂ ಹತ್ತಿದ. ಜಗತ್ತಿನ ಪುಸ್ತಕಗಳಲ್ಲಿ ಕಥೆ ಬಹುಮಟ್ಟಿಗೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಬ್ರ್ಯಾಂಡ್ ಗುಳಿಗೆ ಬಿಟ್ಟ, ರೋಗ ಮರಳಿತು, ಮತ್ತೆ ಆಸ್ಪತ್ರೆ ಸೇರಿದ, ಮತ್ತೆ ಲಿಥಿಯಂ, ಮತ್ತೆ ವಿಷ. 1950ರಲ್ಲಿ ಅವನು ಲಿಥಿಯಂ ವಿಷವೇರಿಯೇ ತೀರಿಕೊಂಡ. ಕೇಡ್ ಹೆದರಿ ಆ ಔಷಧವನ್ನೇ ಕೈಬಿಟ್ಟ. ಅವನನ್ನು ಹೀರೋ ಮಾಡುವವರು ಈ ಭಾಗವನ್ನು ಹಾರಿಸುತ್ತಾರೆ. ನನಗೆ ಮಾತ್ರ ಬ್ರ್ಯಾಂಡನ ಸಾವು ಮುಖ್ಯ. ಅವನಿಗೆ ಗುಳಿಗೆ ಸಿಕ್ಕಿತ್ತು, ಅಳತೆ ಸಿಕ್ಕಿರಲಿಲ್ಲ.

ಅಳತೆ ತಂದವರು ಮೆಲ್ಬರ್ನಿನವರೇ, ಎಡ್ವರ್ಡ್ ಟ್ರಾಟ್ನರ್ ಮತ್ತು ಚಾರ್ಲ್ಸ್ ನೊವಾಕ್. 1951ರಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ವಿವರ ಪ್ರಕಟಿಸಿದರು. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ನೋಡಿಕೊಂಡೇ ಔಷಧ ಕೊಡುವ ಪದ್ಧತಿಗೆ ಬುನಾದಿ ಹಾಕಿದವರು ಇವರು. ಅಳೆಯುವ ಉಪಾಯ ಸೊಗಸಾಗಿದೆ. ಅಡುಗೆ ಉಪ್ಪನ್ನು ಉರಿಗೆ ಹಾಕಿದರೆ ಜ್ವಾಲೆ ಹಳದಿಯಾಗುತ್ತದೆ; ಲಿಥಿಯಂ ಹಾಕಿದರೆ ಕುಂಕುಮದಂಥ ಕೆಂಪು. ರಕ್ತದ ದ್ರವವನ್ನು ಉರಿಗೆ ಸಿಂಪಡಿಸಿ ಆ ಕೆಂಪಿನ ತೀವ್ರತೆ ಅಳೆದರೆ ಪ್ರಮಾಣ ಸಿಗುತ್ತದೆ. ಈ ಯಂತ್ರಕ್ಕೆ ಫ್ಲೇಮ್ ಫೋಟೋಮೀಟರ್ ಎಂದು ಹೆಸರು. ಲಿಥಿಯಂ ಔಷಧವಾದದ್ದು ಕೇಡನ ಅಡುಗೆಕೋಣೆಯಲ್ಲಲ್ಲ, ಈ ಉರಿಯ ಮುಂದೆ ಎಂಬುದು ನನ್ನ ಅಭಿಪ್ರಾಯ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಡೆನ್ಮಾರ್ಕಿನ ಮೋಯೆನ್ಸ್ ಸ್ಕೌ 1954ರಲ್ಲಿ ಉನ್ಮಾದಕ್ಕೆ ಇದು ನಿಜಕ್ಕೂ ನಾಟುತ್ತದೆಂದು ಪರೀಕ್ಷೆ ಮಾಡಿ ತೋರಿಸಿದ. 1967ರಲ್ಲಿ ಅವನೂ ಪೌಲ್ ಬಾಸ್ಟ್ರಪ್‌ನೂ ಸೇರಿ, ರೋಗ ಬಂದ ಮೇಲೆ ಮಾತ್ರವಲ್ಲ, ಬಾರದಂತೆ ತಡೆಯಲೂ ಲಿಥಿಯಂ ಆಗುತ್ತದೆ ಎಂದು ಬರೆದರು. ಸ್ಕೌನ ಸ್ವಂತ ತಮ್ಮನೇ ವರ್ಷವರ್ಷ ಖಿನ್ನತೆಗೆ ಬೀಳುತ್ತಿದ್ದವ, ಲಿಥಿಯಂನಿಂದ ಎದ್ದು ನಿಂತವ. ಲಂಡನ್ನಿನವರು ಇದೊಂದು ಹೊಸ ಪುರಾಣ ಎಂದು ಹಂಗಿಸಿದರು. 1970ರಲ್ಲಿ ಹೊಸ ಪ್ರಯೋಗದ ಫಲಿತಾಂಶ ಬಂದು ವಾದ ಬಹುಪಾಲು ತಣ್ಣಗಾಯಿತು. ಅದೇ ವರ್ಷ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ನೆಲದಲ್ಲಿ ಸಿಗುವ ಲವಣಕ್ಕೆ ಪೇಟೆಂಟ್ ಇಲ್ಲ, ಹಾಗಾಗಿ ದೊಡ್ಡ ಕಂಪನಿಗಳಿಗೆ ಆಸಕ್ತಿಯಿರಲಿಲ್ಲ. ನಮ್ಮಲ್ಲಿ 1983ರಲ್ಲಿ ಗುಜರಾತಿನ ವಾಪಿಯಲ್ಲಿ ಬೆರಳೆಣಿಕೆಯ ಮನೋರೋಗದ ಔಷಧಗಳೊಂದಿಗೆ ಸಣ್ಣದಾಗಿ ಶುರುವಾದ ಸನ್ ಫಾರ್ಮಾ ಕಂಪನಿಗೆ ಮೊದಲ ದಿನಗಳಲ್ಲಿ ಆಸರೆಯಾದವುಗಳಲ್ಲಿ ಲಿಥೋಸನ್ ಎಂಬ ಈ ಗುಳಿಗೆಯೂ ಒಂದು.

ಬಿಜಾಪುರ ಸೀಮೆಗೆ ಮನಸ್ಸಿನ ರೋಗ ಹೊಸದೇನಲ್ಲ. ಆದಿಲ್‌ಶಾಹಿ ಆಸ್ಥಾನದ ಇತಿಹಾಸಕಾರ ಫರಿಶ್ತಾ ವೈದ್ಯಗ್ರಂಥವನ್ನೂ ಬರೆದವ. ಆ ಕಾಲದ ಯುನಾನಿ ವೈದ್ಯರು ವಿಷಾದವನ್ನು ಕಪ್ಪುಪಿತ್ತದ ಲೆಕ್ಕಕ್ಕೆ ಹಚ್ಚುತ್ತಿದ್ದರು. ಆಯುರ್ವೇದದವರು ಉನ್ಮಾದವನ್ನು ದೋಷಗಳ ಲೆಕ್ಕಕ್ಕೆ. ಉನ್ಮಾದಕ್ಕೆ ಸರ್ಪಗಂಧಿಯ ಬೇರು ನಾಟುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಕಲ್ಕತ್ತೆಯಿಂದ ಬರೆದಿದ್ದರು. ಆದರೆ ಜನರ ದಾರಿ ಬೇರೆ. ಗಾಳಿ ಸೋಂಕು, ಮಾಟ, ಮೈಯಲ್ಲಿ ಬರುವುದು. ದರ್ಗಾ, ಗುಡಿ, ತಾಯತ. ಅದೆಲ್ಲ ಮುಗಿದ ಮೇಲೆ ಧಾರವಾಡ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ, 1845ರಲ್ಲಿ ಆರಂಭವಾದ ಅಲ್ಲಿನ ಹುಚ್ಚಾಸ್ಪತ್ರೆ ಈಗ ಡಿಮ್ಹಾನ್ಸ್ ಆಗಿದೆ. ನಮ್ಮ ಕಡೆ ಈಗಲೂ ಜಗಳದಲ್ಲಿ "ನಿನ್ನ ಧಾರವಾಡಕ್ಕ ಕಳಸಬೇಕು" ಎನ್ನುವುದು ಬೈಗುಳವೇ. ಅಲ್ಲಿ ಪೇಢಾ ಸಿಗುತ್ತದೆ, ವಿದ್ಯೆ ಸಿಗುತ್ತದೆ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಕಾಕಾ ಧಾರವಾಡಕ್ಕೆ ಹೋದದ್ದು 1982ರಲ್ಲಿ. ಅದಕ್ಕೆ ಮೊದಲು ಎರಡು ವರ್ಷ ಅವನು ಏರಿದ್ದ, ಇಳಿದಿದ್ದ. ಏರಿದಾಗ ನಿದ್ದೆಯಿಲ್ಲದೆ ಊರೆಲ್ಲ ತಿರುಗಿ ಬಾವಿ ತೋಡಿಸುತ್ತೇನೆಂದು ಹೇಳಿ, ಎತ್ತು ಮಾರಿ ಬಂದ ಹಣವನ್ನು ಒಂದೇ ದಿನ ಹಂಚಿದ್ದ. ಇಳಿದಾಗ ಆ ಬಾವಿಯ ಕಟ್ಟೆಯ ಮೇಲೇ ತಾಸುಗಟ್ಟಲೆ ಕೂರುತ್ತಿದ್ದ. ನನ್ನಪ್ಪ ದೂರದಲ್ಲಿ ನಿಂತು ಕಾಯುತ್ತಿದ್ದ. ಮೀಟರ್ ಗೇಜ್ ರೈಲಿನಲ್ಲಿ ಗದಗ, ಹುಬ್ಬಳ್ಳಿ ದಾಟಿ ಕರೆದೊಯ್ದರು. ಅಲ್ಲಿನ ಡಾಕ್ಟರು ಅಪ್ಪನಿಗೆ ಹೇಳಿದ್ದನ್ನು ಅಪ್ಪ ಸಾಯುವವರೆಗೂ ಹಾಗೆಯೇ ಒಪ್ಪಿಸುತ್ತಿದ್ದ: "ಇದನ್ನ ಔಷಧ ಅನ್ಕೋಬ್ಯಾಡ್ರಿ, ಉಪ್ಪು ಅನ್ಕೋರಿ. ನೀರು ಬಿಡಬ್ಯಾಡ್ರಿ, ಉಪ್ಪು ಬಿಡಬ್ಯಾಡ್ರಿ, ರಕ್ತಾ ತೋರಸೂದು ಬಿಡಬ್ಯಾಡ್ರಿ."

ಮೊದಲ ಎರಡನ್ನು ಬಿಡಲಿಲ್ಲ. ಮೂರನೆಯದು ಮೆಲ್ಲಗೆ ಬಿಟ್ಟುಹೋಯಿತು. ಗುಳಿಗೆ ಅಂಚೆಯಲ್ಲಿ ಬರಬಹುದು, ಬಸ್ ಕಂಡಕ್ಟರ್ ಕೈಯಲ್ಲಿ ಬರಬಹುದು. ರಕ್ತ ತೋರಿಸಲು ಮನುಷ್ಯನೇ ಹೋಗಬೇಕು. ಅದೂ ರಾತ್ರಿಯ ಗುಳಿಗೆ ನುಂಗಿ ಸರಿಯಾಗಿ 12 ತಾಸಿಗೆ, ಬೆಳಗಿನ ಗುಳಿಗೆ ನುಂಗುವ ಮೊದಲು. ಹಳ್ಳಿಯಿಂದ ಹೊರಟವನಿಗೆ ಅದೆಂದರೆ ಹಿಂದಿನ ದಿನವೇ ಹೋಗಿ ಎಲ್ಲಾದರೂ ಉಳಿಯುವುದು, ಎರಡು ದಿನದ ಕೂಲಿ, ಖರ್ಚು. ಅಪ್ಪ ಇಟ್ಟಿದ್ದ ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ಮೊದಲ ವರ್ಷ ನಾಲ್ಕು ಸಲ ಅಂಕಿ ಬರೆದಿದೆ: 0.8, 0.7, 0.9, 0.8. ಆಮೇಲೆ ವರ್ಷಕ್ಕೊಂದು. 1991ರ ನಂತರ ಪುಟಗಳು ಖಾಲಿ. ಕಾಕಾ ಚೆನ್ನಾಗಿದ್ದ. ಮದುವೆಯಾಯಿತು, ಮಕ್ಕಳಾದವು, ಎರಡೆಕರೆ ದ್ರಾಕ್ಷಿ ಹಚ್ಚಿದ. ಚೆನ್ನಾಗಿರುವವನ ರಕ್ತ ಯಾಕೆ ತೋರಿಸಬೇಕು?

ಕರ್ನಾಟಕ ಮಾತ್ರ ಈ ದೂರವನ್ನು ಕಡಿಮೆ ಮಾಡಲು ಬಹಳ ಮೊದಲೇ ಕೈಹಾಕಿದ ನಾಡು ಎಂಬುದನ್ನು ಹೇಳಲೇಬೇಕು. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆಯೂ ಬಂತು. ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಕನ್ನಡ ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಕ್ಕವು. ವಿಜಯಪುರದಲ್ಲೇ ಈಗ ಎರಡು ವೈದ್ಯಕೀಯ ಕಾಲೇಜುಗಳಿವೆ. ಆದರೂ ಹಲವು ಮನೋರೋಗದ ಗುಳಿಗೆಗಳನ್ನು ಹಳ್ಳಿಯ ದವಾಖಾನೆಯಲ್ಲಿ ಕೊಟ್ಟು ಕಳಿಸಬಹುದು, ಲಿಥಿಯಂ ಹಾಗಲ್ಲ. ಅದಕ್ಕೆ ರಕ್ತ, ಮೂತ್ರಪಿಂಡ, ಥೈರಾಯಿಡ್, ಮೂರನ್ನೂ ಆಗಾಗ ನೋಡುತ್ತಿರಬೇಕು. ಇದಕ್ಕೇ ಎಷ್ಟೋ ವೈದ್ಯರು ಲಿಥಿಯಂ ಬರೆಯಲು ಹಿಂಜರಿದು, ಅಳತೆಯ ತಂಟೆ ಕಡಿಮೆ ಇರುವ ಬೇರೆ ಔಷಧ ಬರೆಯುತ್ತಾರೆ. ಅವರನ್ನು ತಪ್ಪು ಅನ್ನಲಾರೆ. ಆದರೆ ಆತ್ಮಹತ್ಯೆಯ ದಾರಿಯಿಂದ ಮನುಷ್ಯನನ್ನು ಹಿಂದೆ ಎಳೆಯುವುದರಲ್ಲಿ ಈ ಹಳೆಯ ಲವಣಕ್ಕೆ ಇರುವಷ್ಟು ಸಾಕ್ಷ್ಯ ಬೇರೆ ಹೊಸ ಔಷಧಗಳಿಗೆ ಕಡಿಮೆ. ಬಾವಿಕಟ್ಟೆಯ ಮೇಲಿನ ಕಾಕಾನನ್ನು ಅಪ್ಪನಷ್ಟೇ ಕಾದದ್ದು ಅದು.

ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಕಾಕಾ ಮನೆಗೆ ಬಂದ. ಬಿ.ಪಿ.ಗೆ ಬೇರೆ ಗುಳಿಗೆ ಆಯಿತು. ಲಿಥಿಯಂ ಪೂರ್ತಿ ಬಿಡಿಸಬೇಕೆಂದು ಮನೆಯವರೆಲ್ಲ ಹಟ ಹಿಡಿದರೆ, ಬೇಡ ಎಂದವ ಅವನೊಬ್ಬನೇ. "ಆ ಎರಡು ವರ್ಷ ನಾ ನೋಡೀನಿ, ನೀವ್ಯಾರೂ ಒಳಗಿಂದ ನೋಡಿಲ್ಲ" ಎಂದ. ಡಾಕ್ಟರು ಮೂತ್ರಪಿಂಡ ಪರೀಕ್ಷಿಸಿ ಮೊದಲಿಗಿಂತ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ನೀಲಿ ನೋಟುಬುಕ್ಕು ಈಗ ನನ್ನ ಕೈಯಲ್ಲಿದೆ. ಇಪ್ಪತ್ತೈದು ವರ್ಷಗಳ ಖಾಲಿ ಪುಟಗಳನ್ನು ಹಾಗೆಯೇ ಬಿಟ್ಟು ಮುಂದಿನದರಲ್ಲಿ 0.6 ಎಂದು ಬರೆದೆ.

ಮರುವರ್ಷ ಬಬಲೇಶ್ವರದಲ್ಲಿ ಬೀಗರ ಮದುವೆ. ಸಾರವಾಡದ ಹತ್ತಿರ ಡೋಣಿ ಹೊಳೆ ದಾಟುವಾಗ ಕಾಕಾ ಕಿಟಕಿಯಿಂದ ಕೆಳಗೆ ನೋಡಿದ. ಡೋಣಿಯ ನೀರು ಸವಳು, ಬಾಯಿಗಿಟ್ಟರೆ ಉಪ್ಪುಪ್ಪು. ಅದು ಉಕ್ಕಿದರೆ ಮಾತ್ರ ಎರೆಹೊಲದ ಜೋಳ ಕೇಳಬಾರದು. "ಈ ಹೊಳ್ಯಾಗ ಉಪ್ಪು ಐತಿ, ಇದನ್ನ ಯಾರೂ ಧಾರವಾಡಕ್ಕ ಕಳಿಸಿಲ್ಲ" ಎಂದು ನಕ್ಕ. ಅವನ ಚ್ಯಾಷ್ಟಿ ಹಾಗೆ.

ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕ ಕೂತ ಹಿರಿಯರೊಬ್ಬರು, ಯಾರ ಮುಖವನ್ನೂ ನೋಡದೆ ತಮ್ಮ ಮಗನ ಸುದ್ದಿ ತೆಗೆದರು. ಬೆಂಗಳೂರಿನಲ್ಲಿ ಓದುತ್ತಿದ್ದ ಹುಡುಗ. ನಾಲ್ಕು ತಿಂಗಳಿಂದ ಮನೆಯಲ್ಲಿದ್ದಾನೆ. ಒಮ್ಮೆ ಹಗಲೂ ರಾತ್ರಿ ಮಾತು, ಒಮ್ಮೆ ಮುಸುಕು ಹಾಕಿ ಮಲಗುವುದು. ಎರಡು ಕಡೆ ತೋರಿಸಿದ್ದಾರೆ. ಎಲ್ಲಿ ಎಂದು ಹೇಳಲಿಲ್ಲ. ಕಾಕಾ ಕೈ ತೊಳೆದು ಬಂದು ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ಅವರ ಎಲೆಯ ಪಕ್ಕಕ್ಕಿಟ್ಟ. ಎದುರು ಪಂಕ್ತಿಯವರು ನೋಡುತ್ತಿದ್ದರು.

"ಇದು ನಂದ್ರೀ. ನಾ ನುಂಗಾಕತ್ತು ಮೂವತ್ತೈದು ವರ್ಷಾತು. ನಿಮ್ಮ ಹುಡಗಗ ಇದ ಬೇಕೋ ಬ್ಯಾರೇದ ಬೇಕೋ ಡಾಕ್ಟರ ಹೇಳ್ತಾರ. ಮೊದಲ ಮನಸಿನ ಡಾಕ್ಟರ ಕಡೆ ಕರಕೊಂಡು ಹೋಗ್ರಿ. ಇದನ್ನ ಬರದ್ರ ಮಾತ್ರ ರಕ್ತಾ ತೋರಸೂದು ಬಿಡಬ್ಯಾಡ್ರಿ."

ಅವರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಆಮೇಲೆ, ವಿಜಾಪುರಕ್ಕೆ ಬೆಳಗ್ಗೆ ಮೊದಲ ಬಸ್ಸು ಎಷ್ಟಕ್ಕೆ, ಹುಡುಗ ಬಸ್ಸಿನಲ್ಲಿ ಸುಮ್ಮನೆ ಕೂರದಿದ್ದರೆ ಏನು ಮಾಡುವುದು ಎಂದು ಕೇಳಿದರು. ಜೊತೆಗೆ ನಾನೂ ಬರುತ್ತೇನೆ ಎಂದ ಕಾಕಾ.